ಅವ್ವನ ಬದಲು ಓದಿದ ಯಂತ್ರ

ನನ್ನ ಕಣ್ಣಿಗೆ ಅಕ್ಷರಗಳು ಒಂದೆಡೆ ನಿಲ್ಲುತ್ತಿರಲಿಲ್ಲ. ಅದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆಯೆಂದು ಗೊತ್ತಾಗುವಷ್ಟರಲ್ಲಿ, ಅವ್ವ ಓದಿ ಹೇಳಿದ ಪಾಠಗಳನ್ನು ಕೇಳಿಕೊಂಡೇ ಪಿಯುಸಿ ಮುಗಿಸಿದ್ದೆ. ಅವ್ವ ತಿ. ನರಸೀಪುರದಲ್ಲಿ ಅಂಗನವಾಡಿ ಟೀಚರು. ದಿನವಿಡೀ ಮಕ್ಕಳ ಜೊತೆ ಕೂಗಾಡಿ ಬಂದವಳು, ಒಲೆಯ ಮುಂದೆ ಕೂತು ನನ್ನ ಪುಸ್ತಕ ತೆರೆಯುತ್ತಿದ್ದಳು.

ನಾನು ನಂಜನಗೂಡಿಗೆ ಕಂಪ್ಯೂಟರ್ ಕ್ಲಾಸಿಗೆ ಹೋಗತೊಡಗಿದ ವರ್ಷ ಅವಳ ಗಂಟಲು ಕಟ್ಟಿತು. ಬಿಸಿನೀರು, ಮೆಣಸಿನ ಕಷಾಯ, ಯಾವುದಕ್ಕೂ ಬಿಡಲಿಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ದನಿ ಬರಿ ಗಾಳಿಯಾಗುತ್ತಿತ್ತು.

“ಸಾಕು ಬುಡವ್ವ,” ಎಂದರೆ, “ಏನಾಗಿಲ್ಲ ಕಣ್ ಮಗ, ಸೀತ ಅಷ್ಟೆ,” ಎನ್ನುತ್ತಿದ್ದಳು.

ಕ್ಲಾಸಿನ ಮೇಷ್ಟ್ರು ನನ್ನ ತೊಂದರೆ ಕಂಡು, ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಸಿಡಿಯಲ್ಲಿ ಕೊಟ್ಟರು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿದೆ. ಗಂಡಸಿನ ದನಿ, ಇಂಗ್ಲಿಷ್ ಮಾತ್ರ ಬರುತ್ತಿತ್ತು. ಏರಿಳಿತವಿಲ್ಲದೆ, ಉಸಿರು ತೆಗೆದುಕೊಳ್ಳದೆ ಓದುತ್ತಿತ್ತು. ಮೊದಲ ಬಾರಿಗೆ ಯಾರ ಹಂಗೂ ಇಲ್ಲದೆ ಪಾಠ ಕೇಳಿಸಿಕೊಂಡೆ. ಅವ್ವ ಬಾಗಿಲಿಗೊರಗಿ, ಕತ್ತು ನೀವಿಕೊಳ್ಳುತ್ತಾ ನಿಂತಿದ್ದಳು.

“ಇದ್ಕೆ ಆಯಾಸಾನೇ ಆಗಕಿಲ್ವಾ?” ಅಂದಳು.



ಮೈಸೂರಿನ ಡಾಕ್ಟರು ಗಂಟಲಲ್ಲಿ ಗಡ್ಡೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ಮನೆಗೆ ಬಂದ ಅವ್ವ ಹೇಳಬೇಕಾದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸಿದಳು. ಅವಳ ಅಕ್ಷರಗಳು ನನ್ನ ಕಣ್ಣೆದುರು ಕಲಸಿಹೋದವು. ನನ್ನ ಮುಖ ನೋಡಿ ಸ್ಲೇಟು ಒರೆಸಿದಳು. ಆಗ ಅವಳನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡಿದಳು. ‘ಉಣ್ಣು ಬಾ’ ಎಂಬುದನ್ನು ಯಂತ್ರ ‘ಅನ್ನೂ ಬಾ’ ಎಂದಿತು. ಅವ್ವ ಅಳಿಸಿದಳು, ಅಕ್ಷರ ಬದಲಿಸಿದಳು, ಸರಿಯಾಗುವವರೆಗೂ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಅದರ ಬಾಯಲ್ಲಿ ನನ್ನನ್ನು ಬಯ್ಯುವುದಕ್ಕೂ ಕಲಿತಳು. ಆ ಗಂಡಸಿನ ದನಿ ‘ಮಗ’ ಎಂದು ಕರೆದರೆ ಮೈ ಜುಮ್ಮೆನ್ನುತ್ತಿತ್ತು, ಆದರೂ ಓಗೊಡುತ್ತಿದ್ದೆ.

ಒಂದು ಸಂಜೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಒಳಗಿನಿಂದ ಯಂತ್ರ, “ಮತ್ತೆ ನೋಯ್ತಾ ಅದೆ,” ಎಂದಿತು. ಉಣ್ಣಲು ಕರೆಯುವಾಗಿನ ದನಿಯೇ. ಓಡಿ ಹೋದೆ. ಅವ್ವ ಕತ್ತಿನ ಪಕ್ಕದಲ್ಲಿ ಬೆರಳಿಟ್ಟು ತೋರಿಸಿದಳು. ಮುಟ್ಟಿದೆ. ಗಟ್ಟಿಯಾಗಿತ್ತು.

“ಯಾವಾಗ್ಲಿಂದವ್ವ?”

ಅವಳು ಸೆರಗೆಳೆದು ಕತ್ತು ಮುಚ್ಚಿಕೊಂಡಳು.

ಬೆಳಿಗ್ಗೆ ಮೊದಲ ಬಸ್ಸಿಗೇ ಮೈಸೂರಿಗೆ ಕರೆದುಕೊಂಡು ಹೋದೆ. ಅವ್ವ ಮತ್ತೆ ಮನೆಗೆ ಬರಲಿಲ್ಲ.