ಫಿರಂಗಿಯಲ್ಲಿ ಹೋದ ಮೂವರು

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಲೇತ್ ಮೇಸ್ತ್ರಿಯ ಬಲ ಹೆಬ್ಬೆರಳಿನ ಚರ್ಮದೊಳಗೆ ಕಬ್ಬಿಣದ ಪುಡಿ ಸಾಸಿವೆ ಚೆಲ್ಲಿದಂತೆ ಕೂತುಬಿಟ್ಟಿತ್ತು. ಪುಸ್ತಕ ಮುಟ್ಟುವ ಮೊದಲು ಆ ಕೈಯನ್ನು ಮೂರು ಸಲ ಸೋಪು ಹಚ್ಚಿ ತೊಳೆಯುತ್ತಿದ್ದರು. ಗದಗದ ಕಡೆಯವರು, ಪೀಣ್ಯದಲ್ಲಿ ಒಬ್ಬರೇ ಇದ್ದರು.

ಒಂದು ಭಾನುವಾರ ಬೆಳಿಗ್ಗೆ ನನಗೂ ಮೊಮ್ಮಗಳಿಗೂ ಫೋನಿನಲ್ಲಿ ಬಹಳ ಹಳೆಯ ಮೂಕಿ ಚಿತ್ರ ತೋರಿಸಿದರು. ಜನರನ್ನು ದೊಡ್ಡ ಗುಂಡಿನೊಳಗೆ ಕೂರಿಸಿ ಫಿರಂಗಿಯಿಂದ ಚಂದ್ರನಿಗೆ ಹೊಡೆಯುತ್ತಾರೆ. ನಾನು ಬಿಟ್ಟ ಬಾಯಿ ಮುಚ್ಚಲಿಲ್ಲ.

"ಮಾತಿಲ್ಲ, ಅಕ್ಷರ ಇಲ್ಲ, ನಂಗೆಲ್ಲಾ ತಿಳೀತು ಮೇಸ್ತ್ರಿ" ಎಂದೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು.

"ಇದು ಅಕ್ಷರದಾಗ ಹುಟ್ಟಿದ್ದರಿ ಅಕ್ಕಾರ" ಎಂದರು. "ಫಿರಂಗಿ ಒಂದು ಪುಸ್ತಕದ್ದು, ಚಂದ್ರನ ಹೊಟ್ಟ್ಯಾಗಿನ ಮಂದಿ ಇನ್ನೊಂದು ಪುಸ್ತಕದ್ದು. ಸಿನಿಮಾದಾಂವ ಎರಡಕ್ಕೂ ವೆಲ್ಡಿಂಗ್ ಹೊಡದಾನ."

"ವಾಪಸ್ ಬರೋದು ಚೀಟಿಂಗ್ ತಾತ" ಎಂದಳು ಮೊಮ್ಮಗಳು. "ಚಂದ್ರನ ಅಂಚಿಂದ ಉರುಳಿ ಭೂಮಿಗೆ ಬಿದ್ರೆ ಆಗೋಯ್ತಾ?"

"ಭಾಳ ಶಾಣ್ಯಾಕಿ ಅದಿ. ಪುಸ್ತಕದಾಂವ ಹಂಗ ಬಿಟ್ಟಿಲ್ಲವಾ, ಎಲ್ಲಾದಕ್ಕೂ ಲೆಕ್ಕಾ ಹಾಕ್ಯಾನ."

ಆ ಫಿರಂಗಿಯ ಕತೆ ಅವರ ಬಳಿ ಕನ್ನಡದಲ್ಲೇ ಇತ್ತು. ಅಂದಿನಿಂದ ಪ್ರತಿ ಭಾನುವಾರ ಓದಿ ಹೇಳಿದರು. ಫಿರಂಗಿ ಎರಕ ಹೊಯ್ಯುವ ಪುಟ ಬಂದಾಗ ಓದು ನಿಲ್ಲಿಸಿ, "ಇಡೀ ಪೀಣ್ಯ ಕೂಡಿದ್ರೂ ಇದು ಆಗಂಗಿಲ್ಲ" ಎಂದು ತಲೆಯಾಡಿಸಿದರು. ಯಾರೂ ಆಕಾಶ ದಾಟದ ಕಾಲದಲ್ಲಿ ಒಬ್ಬ ಮನುಷ್ಯ ಕೂತಲ್ಲೇ ಇದನ್ನೆಲ್ಲ ಕಂಡನಲ್ಲ ಎಂದು ನನ್ನ ಮೈ ಜುಮ್ಮೆನ್ನುತ್ತಿತ್ತು.

ಕತೆಯಲ್ಲಿ ಗುಂಡಿನೊಳಗೆ ಹೋದ ಮೂವರು ಚಂದ್ರನ ಮೇಲೆ ಇಳಿಯಲಾಗದೆ ಅದನ್ನೇ ಸುತ್ತುತ್ತಿದ್ದರು, ನಾಲ್ಕೇ ಪುಟ ಉಳಿದಿತ್ತು. ಆ ವಾರ ಮೇಸ್ತ್ರಿಗೆ ಕೆಲಸದಲ್ಲೇ ಎದೆನೋವು ಬಂತು. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಸಾಮಾನು ಒಯ್ಯಲು ಬಂದ ಅವರ ಅಣ್ಣ ಪುಸ್ತಕವನ್ನು ನಮ್ಮ ಕೈಗಿಟ್ಟರು.

"ಆ ಮೂವರೂ ಚಂದ್ರನ ಹತ್ರಾನೇ ಇದ್ಬಿಡ್ತಾರಾ ಅಜ್ಜಿ?" ಮೊಮ್ಮಗಳು ಬಿಕ್ಕಿದಳು. "ನಂಗೆ ಒತ್ತಕ್ಷರ ಬರಲ್ಲ." ಇಂಗ್ಲಿಷ್ ಶಾಲೆಯ ಮಗು. ಅವಳಪ್ಪನಿಗೆ ಹೇಳಿದ್ದರೆ ಓದಿಬಿಡುತ್ತಿದ್ದ. ನನಗೆ ಮನಸ್ಸಾಗಲಿಲ್ಲ.

ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ನಾನೇ ಓದತೊಡಗಿದೆ. "ಬೇಗ ಅಜ್ಜಿ, ಗಾಳಿ ಖಾಲಿಯಾಗಿ ಅವ್ರಿಗೆ ಉಸಿರು ಕಟ್ತದೆ" ಎಂದು ಅವಳು ಅವಸರಪಡಿಸುತ್ತಿದ್ದಳು. ನಾಲ್ಕು ಪುಟಕ್ಕೆ ಹನ್ನೊಂದು ದಿನ ಹಿಡಿಯಿತು. ಕಡೆಗೆ ಗುಂಡು ಕಡಲಿಗೆ ಬಿತ್ತು. ಮೂವರೂ ಬದುಕಿದ್ದರು. ಮೊಮ್ಮಗಳು ನನ್ನ ಕೊರಳಿಗೆ ಜೋತುಬಿದ್ದು ಕುಣಿದಳು, ನಾನೂ ಕುಣಿದೆ.

ಅವರನ್ನು ಮೇಲೆ ಕಳಿಸಿದವರು ಮೇಸ್ತ್ರಿ. ಇಳಿಸಿಕೊಂಡವಳು ನಾನು.