ಜಪಾನೀ ಕ್ರಿಯಾಪದಗಳೂ ನಮ್ಮ ಕಾರ್ಡು ಮೇಡಂ ಅವರೂ

ಪರಭಾಷಾ ಬೋಧನೆಯ ಕ್ಷೇತ್ರದಲ್ಲಿ ವ್ಯಾಕರಣವನ್ನು ಬಲ್ಲ ವಿದ್ವಾಂಸರು ಹಲವರಿದ್ದಾರೆ. ಕಲಿಯುವವರ ಮರೆವನ್ನು ಅಷ್ಟೇ ಆಳವಾಗಿ ಬಲ್ಲವರು ವಿರಳ. ಸಂಜೆ ಶಾಲೆಯ ಜಪಾನೀ ವಿಭಾಗವನ್ನು ಮೊದಲಿನಿಂದಲೂ ನಡೆಸಿಕೊಂಡು ಬಂದು ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಆ ವಿರಳರ ಸಾಲಿಗೆ ಸೇರಿದವರು. ವಿದ್ಯಾರ್ಥಿಗಳು ಅಕ್ಕರೆಯಿಂದ ಇಟ್ಟ ‘ಕಾರ್ಡು ಮೇಡಂ’ ಎಂಬ ಅಡ್ಡಹೆಸರನ್ನು ಅವರು ಬಿರುದಿನಂತೆ ಧರಿಸಿದರು.

ಯಂತ್ರೋಪಕರಣಗಳ ಕಾರ್ಖಾನೆಯೊಂದರಲ್ಲಿ ಜಪಾನೀ ಕೈಪಿಡಿಗಳನ್ನು ಅನುವಾದಿಸುತ್ತಿದ್ದ ಅವರು ಅಧ್ಯಾಪನಕ್ಕೆ ಬಂದ ಹೊಸದರಲ್ಲಿ ಎಲ್ಲರಂತೆಯೇ ಪಾಠ ಮಾಡಿದರು. ಕರಿಹಲಗೆಯ ತುಂಬ ಕ್ರಿಯಾಪದ ರೂಪಗಳು, ತರಗತಿಯ ತುಂಬ ಅವುಗಳ ಪಠಣ. ಕೆಲವೇ ವಾರಗಳಲ್ಲಿ ಬೆಂಚುಗಳು ಖಾಲಿಯಾಗತೊಡಗಿದವು. ಹಗಲೆಲ್ಲ ಲೇತ್ ಯಂತ್ರದ ಮುಂದೆ ನಿಂತು ದಣಿದು ಬರುತ್ತಿದ್ದ ಕಾರ್ಮಿಕರೊಬ್ಬರು ಬಿಟ್ಟುಹೋಗುವ ಮುನ್ನ ಹೇಳಿದರು: “ಇಲ್ಲಿ ಕೂತಾಗ ಎಲ್ಲಾ ಬರುತ್ತೆ ಮೇಡಂ. ಬಸ್ ಇಳಿಯೋಷ್ಟರಲ್ಲಿ ತಲೆ ತೊಳೆದಿಟ್ಟ ಹಾಗಾಗುತ್ತೆ.”

ಆ ಮಾತು ಮೇಡಂ ಅವರ ಮನಸ್ಸಿಗೆ ನಾಟಿತು. ಮರೆಯುವ ಹೊತ್ತು ಯಾವುದೋ ಆ ಹೊತ್ತಿಗೇ ಕೇಳಿದರೆ ಹೇಗೆ ಎಂದು ಯೋಚಿಸಿ, ಶೂ ಡಬ್ಬವೊಂದಕ್ಕೆ ರಟ್ಟಿನ ಅಡ್ಡಗೋಡೆಗಳನ್ನಿಟ್ಟು ಖಾನೆಗಳನ್ನು ಮಾಡಿದರು. ಒಂದೊಂದು ಕಾರ್ಡಿಗೆ ಒಂದೊಂದು ರೂಪ. ಮರೆತದ್ದನ್ನು ಮರುದಿನವೇ ಕೇಳುವುದು. ನೆನಪಿದ್ದದ್ದನ್ನು ಒಂದೆರಡು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ಆಮೇಲೆ ತಿಂಗಳು ಬಿಟ್ಟು ಕೇಳುವುದು. ಬಿಟ್ಟುಹೋಗಿದ್ದ ಆ ಲೇತ್ ಕಾರ್ಮಿಕರನ್ನು ಹೇಳಿಕಳಿಸಿ ವಾಪಸು ಕರೆಸಿಕೊಂಡರು. ಬಾಗಿಲಲ್ಲಿ ನಿಂತು ನೋಡಿದ ಪ್ರಾಂಶುಪಾಲರು, “ಇದೇನು ಮೇಡಂ, ತರಗತೀಲಿ ಇಸ್ಪೀಟಾಟ?” ಎಂದರು.

“ಹೌದು ಸರ್. ಇಲ್ಲಿ ಸೋತವರಿಗೇ ಇನ್ನೊಂದು ಎಲೆ ಸಿಗೋದು.”

ಕನ್ನಡದ ಬೆಳಕಿನಲ್ಲಿ ಜಪಾನೀಯನ್ನು ತೋರಿಸುವುದು ಅವರ ಇನ್ನೊಂದು ಕೌಶಲ. “ನಾವು ‘ತಿಂದು ನೋಡು’ ಅಂತೀವಿ. ಅವರೂ ‘ತಬೆತೆ ಮಿರು’ ಅಂತಾರೆ, ಅದೇ ತಿಂದು, ಅದೇ ನೋಡು. ತಿನ್ನೋದನ್ನ ಯಾರಾದ್ರೂ ನೋಡ್ತಾರಾ? ಇಬ್ಬರಿಗೂ ಒಂದೇ ಹುಚ್ಚು!” ‘ಕುಡಿದು’ ಎಂಬುದಕ್ಕೆ ಅಲ್ಲಿ ‘ನೊಂದೆ’ ಎಂದು ತಿಳಿದ ದಿನ ಲೇತ್ ಕಾರ್ಮಿಕರು, “ನಮ್ಮಲ್ಲೂ ಕುಡಿದವರು ಕೊನೆಗೆ ಅನ್ನೋದು ಅದನ್ನೇ ಅಲ್ವಾ ಮೇಡಂ!” ಎಂದಾಗ ತರಗತಿಯೆಲ್ಲ ನಕ್ಕುಬಿಟ್ಟಿತು. ಆ ರೂಪವನ್ನು ಮಾತ್ರ ಯಾರೂ ಮರೆಯಲಿಲ್ಲ.

ಅವರ ಸೇವಾವಧಿಯಲ್ಲಿ ನೆನೆಯಲೇಬೇಕಾದ ಘಟನೆ ತರಗತಿಗೆ ಬರುತ್ತಿದ್ದ ದಾದಿಯೊಬ್ಬರಿಗೆ ಸಂಬಂಧಿಸಿದ್ದು. ಜಪಾನಿನ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಪಡೆಯಲು ಆಕೆ ಭಾಷಾ ಪರೀಕ್ಷೆ ಬರೆದು ಬರೆದು ಸೋತಿದ್ದರು. ‘ಕುಡಿಯಿರಿ’, ‘ಕುಡಿಯಬೇಡಿ’, ‘ಕುಡಿಯಬಹುದು’ ಎಲ್ಲವೂ ಆಕೆಯ ನಾಲಿಗೆಯ ಮೇಲೆ ಒಂದಕ್ಕೊಂದು ಗಂಟು ಬೀಳುತ್ತಿದ್ದವು.

“ಮಗಳನ್ನ ಅತ್ತೆ ಹತ್ರ ಬಿಟ್ಟು ಬರ್ತೀನಿ ಮೇಡಂ. ಅವರು ಏನೂ ಅನ್ನಲ್ಲ, ಅದೇ ಕಷ್ಟ. ಇನ್ನು ಬರಲ್ಲ.”

“ನೀನು ಬರಬೇಡಮ್ಮ,” ಎಂದರು ಮೇಡಂ. “ನಾನೇ ಬರ್ತೀನಿ.”

ಅಂದಿನಿಂದ ಪಾಳಿ ಬದಲಾಗುವ ಹೊತ್ತಿಗೆ ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ, ಆರಿದ ಚಹಾದ ಮುಂದೆ ಕಾದು ಕುಳಿತು, ಆ ದಿನದ ಕಾರ್ಡುಗಳನ್ನಷ್ಟೇ ಕೇಳಿ ಎದ್ದು ಬರುತ್ತಿದ್ದರು. ತಪ್ಪಿದರೆ ಗದರಿದ್ದಿಲ್ಲ. “ಬಿಡು, ನಾಳೆ ಕೇಳ್ತೀನಿ,” ಅಷ್ಟೇ.

ಕೆಲವು ತಿಂಗಳ ಬಳಿಕ ಜಪಾನೀ ಎಂಜಿನಿಯರೊಬ್ಬರು ತೀವ್ರ ಹೊಟ್ಟೆನೋವಿನಿಂದ ಅದೇ ಆಸ್ಪತ್ರೆಗೆ ದಾಖಲಾದರು. ತುರ್ತು ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆದಿತ್ತು, ಹನಿ ನೀರನ್ನೂ ಕೊಡುವಂತಿರಲಿಲ್ಲ. ದುಭಾಷಿ ಇನ್ನೂ ದಾರಿಯಲ್ಲಿದ್ದರು. ರೋಗಿ ಬಾಯಾರಿ ಒದ್ದಾಡುವುದನ್ನು ನೋಡಲಾರದೆ ಅವರ ಪತ್ನಿ ಲೋಟಕ್ಕೆ ನೀರು ಬಗ್ಗಿಸಿ ತುಟಿಯ ಬಳಿಗೆ ಒಯ್ದರು. ಬಾಗಿಲಲ್ಲಿದ್ದ ದಾದಿ ಒಳಗೆ ಧಾವಿಸಿದರು. ಬಾಯಿಗೆ ಮೊದಲು ಬಂದದ್ದು ‘ನೊಂದೆ’; ಹಾಗೆಂದಿದ್ದರೆ ‘ಕುಡಿ’ ಎಂದೇ ಅರ್ಥವಾಗುತ್ತಿತ್ತು. ಅದನ್ನು ನುಂಗಿಕೊಂಡು, “ನೊಮನಾಯ್ದೆ ಕುದಸಾಯ್!” ಎಂದು ಕೂಗಿದರು. ಕುಡಿಯಬೇಡಿ, ದಯವಿಟ್ಟು.

ಲೋಟ ಅಲ್ಲೇ ನಿಂತಿತು. ಪತ್ನಿ ಅಳುತ್ತ ಗಡಿಬಿಡಿಯಲ್ಲಿ ಏನೋ ಕೇಳಿದರು. ಮಾತು ಪೂರ್ತಿ ತಿಳಿಯದಿದ್ದರೂ ಆ ಸಂಕಟ ದಾದಿಗೆ ತಿಳಿಯಿತು. “ಆತೊ ದೆ, ನೊಮೆಮಾಸ್,” ಎಂದರು. ಆಮೇಲೆ ಕುಡಿಯಬಹುದು. ಪತ್ನಿ ಆಕೆಯ ಕೈಯನ್ನು ಬಿಗಿಯಾಗಿ ಹಿಡಿದು “ನೊಮೆಮಾಸ್, ನೊಮೆಮಾಸ್” ಎಂದು ತಮಗೆ ತಾವೇ ಹೇಳಿಕೊಂಡರು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ದಾದಿ ಕೂಡಲೇ ಫೋನ್ ಮಾಡಿದರು.

“ಮೇಡಂ, ಬಂತು!”

“ಯಾವ ರೂಪ?”

“ಎರಡೂ!”

ಮುಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮಗಳೊಂದಿಗೆ ಜಪಾನಿನಲ್ಲಿ ಹಲವು ವರ್ಷ ದುಡಿದು ಮರಳಿದ ಆಕೆಯೇ ಇನ್ನು ನಮ್ಮ ಸಂಜೆ ಶಾಲೆಯ ಜಪಾನೀ ತರಗತಿಯನ್ನು ವಹಿಸಿಕೊಳ್ಳುತ್ತಾರೆ. ನಿವೃತ್ತಿಯ ನಂತರ ವಿಶ್ರಾಂತಿಯೇ ಎಂದು ಪ್ರಾಂಶುಪಾಲರು ಕೇಳಿದ್ದಕ್ಕೆ, ಪಕ್ಕದ ಕೋಣೆಯ ಕೊರಿಯನ್ ತರಗತಿಗೆ ಈಗಾಗಲೇ ಹೆಸರು ಕೊಟ್ಟಿರುವ ನಮ್ಮ ಮೇಡಂ, “ಮರೆತು ಮರೆತು ಕಲಿಯೋ ಸುಖ ಬರೀ ವಿದ್ಯಾರ್ಥಿಗಳಿಗೇ ಯಾಕೆ ಸರ್?” ಎಂದು ನಕ್ಕರು.

ಆ ನಗುವಿಗೆ ದೀರ್ಘಾಯುಷ್ಯವಿರಲಿ. ಆರೋಗ್ಯವೂ ಉತ್ಸಾಹವೂ ಅವರ ಜೊತೆಗಿರಲಿ. ‘ನನ್ನಿಂದಾಗದು’ ಎಂದು ಎದ್ದುಹೊರಟ ಇನ್ನೂ ಅನೇಕರನ್ನು ಅವರು ಹೀಗೆಯೇ ಕೂಗಿ ಕರೆಯುತ್ತಿರಲಿ.