ಬೂದಿ ಹತ್ತದ ಗಿಡ

ಊರಿನಿಂದ ಯಾರಾದರೂ ಫೋನ್ ಮಾಡಿ ಮಗಳು ಜರ್ಮನಿಯಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದರೆ, ಗಾಂಜಾ ಬೆಳೆಯುತ್ತಾಳೆ ಎಂದೇ ಹೇಳುತ್ತೇನೆ. ಔಷಧಿಗೆ, ಸರ್ಕಾರದ ಪರವಾನಗಿ ಇದೆ ಎಂದು ಆಮೇಲೆ ಹೇಳುತ್ತೇನೆ. ಸ್ವಲ್ಪ ಹೊತ್ತು ಹೆದರಲಿ.

ಅವಳದು ಹೊಸ ತಳಿ ಮಾಡುವ ಕೆಲಸ. ನಮ್ಮ ಕುಂಬಳದ ಬಳ್ಳಿಗೆ ಬರುವಂತೆ ಗಾಂಜಾ ಎಲೆಗೂ ಬೂದಿ ರೋಗ ಬರುತ್ತದೆ, ಹಿಟ್ಟು ಚೆಲ್ಲಿದ ಹಾಗೆ. ಕಾಯಿಲೆಯವರು ಸೇದುವ ಹೂವಿನಲ್ಲಿ ಬೂಷ್ಟು ಇರಬಾರದು, ಮದ್ದು ಹೊಡೆಯುವಂತೆಯೂ ಇಲ್ಲ. ರೋಗವೇ ಹತ್ತದ ಗಿಡ ಬೇಕು.

ಸ್ಟುಟ್‌ಗಾರ್ಟಿನ ಹೊರಗಿರುವ ಅವಳ ಗಾಜಿನ ಮನೆಗೆ ಮೊದಲ ಸಲ ಹೋದಾಗ ನನ್ನ ಸೀರೆಯ ಮೇಲೆ ಕಾಗದದ ನಿಲುವಂಗಿ ತೊಡಿಸಿದಳು. ಒಳಗೆ ನೋಡಿದರೆ, ರೋಗದ ಎಲೆ ಹಿಡಿದು ಒಳ್ಳೆಯ ಗಿಡಗಳ ಮೇಲೆ ಕೊಡವುತ್ತಿದ್ದಾಳೆ!

"ಥೂ, ರೋಗ ಬರ್ಸಕ್ಕೂ ಸಂಬಳ ಕೊಡ್ತಾರೇನೇ?"

"ಬರ್ಸಿದ್ರೇನೆ ಕಣವ್ವ, ಯಾವುದಕ್ಕೆ ಬರಲ್ಲ ಅಂತ ಗೊತ್ತಾಗೋದು."

ಆ ಸಲ ಎಲ್ಲ ಗಿಡವೂ ಬೆಳ್ಳಗಾಗಿ ಒಂದೇ ಒಂದು ಹಸಿರಾಗಿ ಉಳಿಯಿತು. ಸೊಟ್ಟ ಗಿಡ, ಹೂವೂ ಬಡಕಲು. ಅದರ ಮೇಲೇ ಅವಳ ಜೀವ. ಇನ್ನೊಮ್ಮೆ ರೋಗ ಕೊಡವಿ ನೋಡಬೇಕಿತ್ತು. ತಡೆದರೆ ಅದರಿಂದ ಬೀಜ, ಇಲ್ಲದಿದ್ದರೆ ಇಷ್ಟು ವರ್ಷದ ಕೆಲಸವೆಲ್ಲ ಮತ್ತೆ ಮೊದಲಿನಿಂದ. ಊಟದ ಮುಂದೆ ಕೂತು ಸುಮ್ಮನೆ ಅನ್ನ ಕಲಸುತ್ತಿದ್ದಳು.

ಅವಳನ್ನು ನೋಡಿ ನನಗೆ ನಮ್ಮವ್ವನ ಹಿತ್ತಲು ನೆನಪಾಗುತ್ತಿತ್ತು. ಬೀಜಕ್ಕೆ ಬಿಟ್ಟ ಸೋರೆಕಾಯಿಗೆ ಅವ್ವ ಹಳೇ ಸೀರೆಯ ಚೂರು ಕಟ್ಟುತ್ತಿದ್ದಳು. ಕಟ್ಟಿದ ಮೇಲೆ ನೆಂಟರು ಬಂದು ಸಾರಿಗೆ ಏನೂ ಇಲ್ಲದಿದ್ದರೂ ಅದನ್ನು ಕೀಳುವಂತಿಲ್ಲ, ಚಪ್ಪರದಲ್ಲೇ ಒಣಗಬೇಕು. ಒಣಗಿದ ಕಾಯಿಯನ್ನು ನಾನು ಮೆಲ್ಲಗೆ ಅಲ್ಲಾಡಿಸಿ ಒಳಗಿನ ಬೀಜದ ಗಲಗಲ ಕೇಳುತ್ತಿದ್ದೆ. ಅವ್ವ ಒಳಗಿನಿಂದಲೇ ಬೈಯುತ್ತಿದ್ದಳು. ಈಗ ಆ ಹಿತ್ತಲೂ ಇಲ್ಲ, ಬೈಯುವವರೂ ಇಲ್ಲ. ಇಲ್ಲಿ ಬೀಜ ಪೊಟ್ಟಣದಲ್ಲಿ ಬರುತ್ತದೆ, ಅಲ್ಲಾಡಿಸಿದರೆ ಕಾಗದದ ಸದ್ದು.

ಎರಡನೇ ಸಲ ರೋಗ ಕೊಡವಿ, ನೋಡುವ ದಿನ ಬಂದಾಗ ನಾನೂ ಜೊತೆಗೆ ಹೋದೆ. ಮಗಳು ಒಂದೊಂದೇ ಎಲೆ ಮಗುಚಿ ನೋಡಿದಳು.

"ನೀನೇ ನೋಡವ್ವ. ನನ್ ಕಣ್ಣು ನಂಗೇ ನಂಬಕ್ಕಾಗ್ತಿಲ್ಲ."

"ಮೊದ್ಲು ಕನ್ನಡಕ ಒರಸ್ಕೊ. ಏನೂ ಇಲ್ಲ, ಶುದ್ಧವಾಗಿದೆ."

ಅವಳು ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು.

"ಹೂವು ಮಾತ್ರ ಬಡಕಲು ಕಣೇ," ಎಂದೆ.

"ಒಳ್ಳೆ ಹೂವಿನ ಗಿಡದ ಜೊತೆ ಮದ್ವೆ ಮಾಡ್ತೀನಿ."

"ಜಾತಕ ನೋಡ್ದೆ?"

"ನೋಡಿದ್ದಾಯ್ತು ಬಿಡವ್ವ, ಹುಡುಗಿ ಗಟ್ಟಿ."

ನಗುತ್ತಲೇ ಎದ್ದು, ಬ್ಲೇಡು ತಂದು, ಆ ಸೊಟ್ಟ ಗಿಡದಿಂದ ಒಂದು ಕೊಂಬೆ ಕತ್ತರಿಸಿ ಬೇರೆ ಕುಂಡದಲ್ಲಿ ಊರಿದಳು. ಒಂದೇ ಗಿಡವನ್ನು ನಂಬಿಕೊಂಡು ಕೂರಬಾರದಂತೆ.